ಬೆರಳ ತುದಿಯ ಲೆಕ್ಕ

ಮೂವತ್ತನಾಲ್ಕು ವರ್ಷ ಕಾಲ ಮೈಸೂರಿನಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಪ್ರಯೋಗಶಾಲೆಯಲ್ಲಿ ಒಂದು ತಂತಿಯ ದಪ್ಪವನ್ನು ಸ್ಕ್ರೂಗೇಜಿನಿಂದ ಅಳೆಯುವಾಗ, ಐದು ಕಡೆ ಅಳೆದು ಸರಾಸರಿ ತೆಗೆಯಿರೆಂದು ಗಂಟಲು ಹರಿಯುವಂತೆ ಹೇಳಿದ್ದೇನೆ. ಐದಕ್ಕೆ ಐದೂ ಒಂದೇ ಅಂಕಿ ಬರೆದು ತಂದ ಹುಡುಗನಿಗೆ, "ಅಯ್ಯಾ, ನೀನು ಅಳೆದಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆದಿದ್ದೀಯೆ. ನಿಜವಾಗಿ ಅಳೆದವನ ಪುಸ್ತಕದಲ್ಲಿ ಐದು ಅಂಕಿಗಳೂ ತುಸು ತುಸು ಬೇರೆಯಾಗಿರಬೇಕು" ಎಂದು ಗದರಿಸಿದ್ದೇನೆ. ಇಂಥ ನಾನು, ನಿವೃತ್ತನಾಗಿ ಹನ್ನೆರಡು ವರ್ಷಗಳಾದ ಮೇಲೆ, ಒಂದು ಬೆಳಿಗ್ಗೆ ಊಟದ ಮೇಜಿನ ಮುಂದೆ ಕುಳಿತು, ಅಂಗೈಯಗಲದ ಒಂದು ಯಂತ್ರ ಎರಡು ನಿಮಿಷದ ಅಂತರದಲ್ಲಿ ಮೊದಲು ೧೪೨ ಎಂದೂ ಆಮೇಲೆ ೧೬೭ ಎಂದೂ ತೋರಿಸಿತೆಂಬ ಕಾರಣಕ್ಕೆ ಅದನ್ನು ಬೀದಿಗೆ ಎಸೆಯಲು ಎದ್ದೆನೆಂದರೆ, ಕಲಿಸುವುದಕ್ಕೂ ಕಲಿಯುವುದಕ್ಕೂ ಇರುವ ದೂರವೆಷ್ಟೆಂಬುದು ಓದುಗರಿಗೆ ತಿಳಿದೀತು.

ಯಂತ್ರವೆಂದರೆ ಗ್ಲುಕೋಮೀಟರ್. ಇದನ್ನು ಕಾಣದ ಮನೆ ಈಗ ನಮ್ಮ ಬೀದಿಯಲ್ಲಿ ಅಪರೂಪ. ಬೆರಳಿಗೆ ಸೂಜಿ ಚುಚ್ಚಿ, ಮೂಡಿದ ಹನಿಯನ್ನು ಒಂದು ಪುಟ್ಟ ಪಟ್ಟಿಗೆ ಮುಟ್ಟಿಸಿದರೆ, ಐದಾರು ಎಣಿಸುವುದರೊಳಗೆ, ನಿಮ್ಮ ರಕ್ತದ ಒಂದು ಡೆಸಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಸಕ್ಕರೆಯಿದೆಯೆಂದು ಹೇಳಿಬಿಡುತ್ತದೆ. ನನಗೆ ಈ ರೋಗ ಬಂದು ಒಂಬತ್ತು ವರ್ಷ, ಮಾತ್ರೆಯಲ್ಲಿ ನಡೆದುಹೋಗುತ್ತಿದೆ. ಅಕ್ಕನಿಗೆ ಬಂದು ಇಪ್ಪತ್ತಾರು ವರ್ಷ. ಅವಳಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಭಾವನವರು ತೀರಿಕೊಂಡ ಮೇಲೆ ಅವಳು ನಮ್ಮಲ್ಲಿಗೆ ಬಂದಳು. ಬಂದ ದಿನದಿಂದ ಅವಳ ಬೆರಳು, ಸೂಜಿ, ಪಟ್ಟಿ, ಅಂಕಿ ಇವಿಷ್ಟರ ಉಸ್ತುವಾರಿ ನನ್ನದಾಯಿತು.

ಈ ರೋಗ ನಮ್ಮ ಮನೆಗೆ ಹೊಸದಲ್ಲ. ತಂದೆಯವರಿಗೂ ಇತ್ತು. ನಾನು ಹೇಳುತ್ತಿರುವುದು ೧೯೬೫ರ ಸುಮಾರಿನ ಮಾತು. ನಾನು ಹನ್ನೆರಡು ವರ್ಷದವನು. ಆಗ ಬೆರಳು ಚುಚ್ಚುವುದಿರಲಿಲ್ಲ. ಬಚ್ಚಲುಮನೆಯ ಗೂಡಿನಲ್ಲಿ ಒಂದು ಸೀಸೆ ನೀಲಿ ದ್ರಾವಣ, ಒಂದು ಗಾಜಿನ ಪ್ರನಾಳ, ಅದನ್ನು ಹಿಡಿಯಲು ಮರದ ಚಿಮಟ, ಒಂದು ಸ್ಪಿರಿಟ್ ದೀಪ. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಂಡುಹಿಡಿದ ದ್ರಾವಣ ಅದು. ಅದಕ್ಕೆ ಎಂಟು ತೊಟ್ಟು ಮೂತ್ರ ಹಾಕಿ ಕುದಿಸಿದರೆ, ಸಕ್ಕರೆಯಿಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುವುದು; ಇದ್ದರೆ ಇದ್ದಷ್ಟಕ್ಕೆ ತಕ್ಕಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು. ಪ್ರನಾಳ ಹಿಡಿಯುವ ಕೆಲಸ ಅಕ್ಕನದು. ಬಣ್ಣ ತಿರುಗುವುದನ್ನು ಕಾಯುತ್ತ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ. ನಾನು ಮುಂದೆ ವಿಜ್ಞಾನ ಓದಿದ್ದಕ್ಕೆ ಆ ಪ್ರನಾಳವೇ ಕಾರಣವೆಂದು ಈಗಲೂ ನನ್ನ ನಂಬಿಕೆ. "ಇವತ್ತು ಹಸಿರು, ಅಪ್ಪಾ" ಎಂದು ಅಕ್ಕ ಕೂಗಿದರೆ ತಂದೆಯವರು ಸಮಾಧಾನದಿಂದ ಪತ್ರಿಕೆ ಬಿಡಿಸುವರು. "ಇಟ್ಟಿಗೆ" ಎಂದರೆ ಆ ದಿನ ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿರಲಿಲ್ಲ. ಐದು ಬಣ್ಣಗಳಲ್ಲಿ ಅವರ ಜೀವನ ನಡೆದುಹೋಯಿತು.

ಆ ಕಾಲವೇ ಚೆನ್ನಾಗಿತ್ತೆಂದು ಹೇಳುವ ಮುದುಕರ ಸಾಲಿಗೆ ನಾನು ಸೇರಿದವನಲ್ಲ. ರಕ್ತದಲ್ಲಿ ಸಕ್ಕರೆ ಸುಮಾರು ೧೮೦ ದಾಟುವವರೆಗೆ ಸಾಮಾನ್ಯವಾಗಿ ಮೂತ್ರದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಕಾಣಿಸಿಕೊಂಡರೂ ಅದು ಕಳೆದ ಕೆಲವು ಗಂಟೆಗಳ ಸುದ್ದಿಯೇ ಹೊರತು ಈ ಕ್ಷಣದ್ದಲ್ಲ. ಸಕ್ಕರೆ ಇಳಿದುಹೋದರೆ ಅದನ್ನು ತಿಳಿಸುವ ಬಣ್ಣ ಆ ಐದರಲ್ಲಿ ಯಾವುದೂ ಇರಲಿಲ್ಲ. ತಂದೆಯವರು ಕೆಲವು ದಿನ ಕಾರಣವಿಲ್ಲದೆ ಬೆವರಿ, ಮಂಕಾಗಿ, ಸಿಡುಕುತ್ತಿದ್ದುದು ಏಕೆಂಬುದು ನನಗೆ ಹೊಳೆದದ್ದು ಅವರು ಹೋಗಿ ಎಷ್ಟೋ ವರ್ಷಗಳಾದ ಮೇಲೆ.

ರಕ್ತದ ಹನಿಯಿಂದಲೇ ಸಕ್ಕರೆ ಅಳೆಯುವ ಯಂತ್ರ ಅಮೆರಿಕದಲ್ಲಿ ಬಂದದ್ದು ೧೯೭೦ರ ಸುಮಾರಿಗೆ. ಮೊದಮೊದಲು ಅದು ವೈದ್ಯರಿಗೂ ಆಸ್ಪತ್ರೆಗಳಿಗೂ ಮಾತ್ರ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರು, ಬಾಲ್ಯದಿಂದ ಮಧುಮೇಹಿ, ಆರುನೂರೈವತ್ತು ಡಾಲರಿನ ಆ ಯಂತ್ರಕ್ಕೆ ಆಸೆಪಟ್ಟ. ರೋಗಿಗೆ ಮಾರುವುದಿಲ್ಲವೆಂದರು. ವೈದ್ಯೆಯಾಗಿದ್ದ ಅವನ ಹೆಂಡತಿ ತನ್ನ ಹೆಸರಿನಲ್ಲಿ ತರಿಸಿಕೊಟ್ಟಳು. ತನ್ನ ಬೆರಳನ್ನು ತಾನೇ ಚುಚ್ಚಿಕೊಂಡು ದಿನಕ್ಕೆ ಹಲವು ಸಲ ನೋಡಿಕೊಂಡಾಗ, ಸಕ್ಕರೆ ಒಂದೇ ದಿನದಲ್ಲಿ ನಲವತ್ತಕ್ಕಿಂತ ಕೆಳಗೂ ನಾನೂರಕ್ಕಿಂತ ಮೇಲೂ ಓಡಾಡುತ್ತಿರುವುದು ಅವನಿಗೆ ಕಂಡಿತು. ಆಮೇಲೆ ಅವನು ನಡುವಯಸ್ಸಿನಲ್ಲಿ ವೈದ್ಯಶಾಸ್ತ್ರವನ್ನೇ ಓದಿ ವೈದ್ಯನಾದ. ನಮ್ಮ ಮನೆಗೆ ಯಂತ್ರ ಬಂದಾಗ ನಾನು ವೈದ್ಯನಾಗಲಿಲ್ಲ. ಪರೀಕ್ಷಾಧಿಕಾರಿಯಾದೆ.

ಉದ್ದನೆಯ ಒಂದು ಲೆಕ್ಕದ ಪುಸ್ತಕ ತಂದೆ. ಒಂದು ಪುಟ ನನಗೆ, ಎದುರು ಪುಟ ಅಕ್ಕನಿಗೆ. ೧೮೦ ದಾಟಿದ ಅಂಕಿಗೆ ಕೆಂಪು ಶಾಯಿ. ಪಕ್ಕದಲ್ಲಿ 'ಕಾರಣ' ಎಂದೊಂದು ಅಂಕಣ. ಬೆಳಗಿನ ಅಂಕಿ ಏರಿದ್ದರೆ ರಾತ್ರಿ ಏನು ತಿಂದೆಯೆಂದು ಕೇಳುವುದು, ರಾತ್ರಿಯದು ಏರಿದ್ದರೆ ಮಧ್ಯಾಹ್ನದ ಕಾಫಿಗೆ ಎಷ್ಟು ಸಕ್ಕರೆಯೆಂದು ಕೇಳುವುದು. "ನಿನ್ನ ಸ್ಕೂಲಿಗೆ ಉಳಿದಿರುವವಳು ನಾನೊಬ್ಬಳೇ ಕಣೋ" ಎಂದು ಅಕ್ಕ ನಕ್ಕಳು. ಮೊದಲ ವರ್ಷ ನಕ್ಕಳು. ಐವತ್ತು ವರ್ಷ ತನ್ನ ಸಂಸಾರವನ್ನು ತಾನೇ ಆಳಿದವಳು, ಕಾಫಿಗೆ ಹಾಕಿಕೊಂಡ ಸಕ್ಕರೆಗೆ ತಮ್ಮನ ಮುಂದೆ ಲೆಕ್ಕ ಒಪ್ಪಿಸಬೇಕಾಗಿ ಬಂದದ್ದು ಎಷ್ಟು ನೋವಿನ ಸಂಗತಿಯೆಂಬುದು ನನ್ನ ತಲೆಗೆ ಹೋಗಲಿಲ್ಲ. ಅಂಕಿ ಬರೆಯುವವನಿಗೆ ಅಂಕಿಯ ಆಚೆಗಿರುವ ಮುಖ ಕಾಣುವುದು ಕಷ್ಟ. ಅಧ್ಯಾಪಕ ಮಿತ್ರರು ಈ ಮಾತನ್ನು ಒಪ್ಪಿಯಾರು.

ಹೋದ ವರ್ಷ ಮೇ ತಿಂಗಳಿನಲ್ಲಿ ಮಗಳ ಮಕ್ಕಳಿಬ್ಬರು ರಜಕ್ಕೆ ಬಂದಿದ್ದರು. ರಸಪುರಿ ಹಣ್ಣಿನ ಕಾಲ. ಒಂದು ಸಂಜೆ ಅಕ್ಕ ಅಡುಗೆಮನೆಯಲ್ಲಿ ಮಣೆ ಹಾಕಿ ಕುಳಿತು, ಬೋಗುಣಿ ತುಂಬ ಹಣ್ಣು ಹಿಂಡಿ ಮಕ್ಕಳಿಗೆ ಸೀಕರಣೆ ಮಾಡುತ್ತಿದ್ದಳು. ಏಳೂವರೆ ಗಂಟೆಗೆ ನಾನು ಯಂತ್ರ ಹಿಡಿದು ಕರೆದೆ. ಅವಳು ಸೆರಗಿಗೆ ಕೈಯೊರಸಿಕೊಂಡು ಬಂದು ಬೆರಳು ಕೊಟ್ಟಳು. ೩೧೮.

"ಅಕ್ಕಾ, ಎಷ್ಟು ತಿಂದೆ?" ಎಂದೆ.

"ತಿಂದಿಲ್ಲವೋ."

"ಹಾಗಾದರೆ ಯಂತ್ರ ಸುಳ್ಳು ಹೇಳುತ್ತದೆಯೆ?"

"ಯಂತ್ರ ಹೇಳದಿದ್ದರೆ ನಾನು ಹೇಳುತ್ತಿದ್ದೇನೆ ಅಂತ ತಾನೆ?" ಎಂದಳು ಅಕ್ಕ. ಮಕ್ಕಳು ಬಟ್ಟಲು ಹಿಡಿದುಕೊಂಡು ನೋಡುತ್ತಿದ್ದರು. ನಾನು ಉತ್ತರ ಕೊಡಲಿಲ್ಲ. 'ಕಾರಣ'ದ ಅಂಕಣದಲ್ಲಿ ಕೆಂಪು ಶಾಯಿಯಿಂದ 'ಮಾವಿನ ಹಣ್ಣು' ಎಂದು ಬರೆದೆ.

ರಾತ್ರಿಯ ಇನ್ಸುಲಿನ್ನಿಗೆ ವೈದ್ಯರು ಬರೆದುಕೊಟ್ಟ ಒಂದು ಚೀಟಿಯಿತ್ತು: ಮುನ್ನೂರು ದಾಟಿದರೆ ಎಂದಿನದರ ಮೇಲೆ ನಾಲ್ಕು ಯೂನಿಟ್. ಅದರಂತೆ ಚುಚ್ಚಿದೆ. ಊಟಕ್ಕೆ ಕುಳಿತ ಅಕ್ಕ ಎರಡು ತುತ್ತು ಮಜ್ಜಿಗೆಯನ್ನ ತಿಂದು ಎದ್ದುಬಿಟ್ಟಳು. "ಇನ್ನೊಂದಿಷ್ಟು ತಿನ್ನಿ ಅಕ್ಕಾ, ಸೂಜಿ ಆಗಿದೆ" ಎಂದು ನನ್ನ ಹೆಂಡತಿ ಬೇಡಿಕೊಂಡರೆ, "ಹೊಟ್ಟೆ ತುಂಬಿದೆಯಮ್ಮ. ಹಣ್ಣು ತಿಂದಿದ್ದೀನಲ್ಲ" ಎಂದು ಕೈತೊಳೆಯಲು ಹೋದಳು.

ಎರಡೂಕಾಲು ಗಂಟೆಗೆ ಹೆಂಡತಿ ನನ್ನನ್ನು ಎಬ್ಬಿಸಿದಳು. ಅಕ್ಕನ ಸೀರೆ ಹಾಸಿಗೆಯೆಲ್ಲ ಬೆವರಿನಿಂದ ಒದ್ದೆ. ಕಣ್ಣು ತೆರೆದಿದ್ದಳು, ಆದರೆ ನೋಟ ನಮ್ಮ ಮೇಲಿರಲಿಲ್ಲ. "ದೀಪ ಆರಿಸಿದೆಯೇನೋ? ಅಪ್ಪ ಬೈತಾರೆ, ದೀಪ ಆರಿಸು" ಎಂದು ತೊದಲುತ್ತಿದ್ದಳು. ಆ ಸ್ಪಿರಿಟ್ ದೀಪ ನಂದಿ ಎಷ್ಟು ವರ್ಷಗಳಾದವು! ನಾನು ನಡುಗುವ ಕೈಯಿಂದ ಯಂತ್ರ ತಂದೆ. ೪೮. ನನ್ನ ಬುದ್ಧಿ ನೋಡಿ: ಅದನ್ನು ನಂಬದೆ ಇನ್ನೊಂದು ಬೆರಳಿಗೆ ಸೂಜಿಯಿಟ್ಟೆ. ೫೭. ಮೂರನೆಯ ಪಟ್ಟಿಗೆ ಕೈಹಾಕುವಷ್ಟರಲ್ಲಿ ಹೆಂಡತಿ ಮೂರು ಚಮಚ ಗ್ಲೂಕೋಸ್ ಪುಡಿ ಕಲಸಿದ ನೀರು ತಂದು, "ನಲವತ್ತೆಂಟಾದರೇನು, ಐವತ್ತೇಳಾದರೇನು? ಆಮೇಲೆ ಬರೆದುಕೊಳ್ಳಿ. ಮೊದಲು ಅವರ ತಲೆ ಹಿಡಿದುಕೊಳ್ಳಿ" ಎಂದಳು. ಪುಣ್ಯಕ್ಕೆ ನುಂಗುವ ಶಕ್ತಿಯಿತ್ತು. ಅದಿಲ್ಲದಿದ್ದರೆ ಬಾಯಿಗೆ ಏನನ್ನೂ ಹೊಯ್ಯಬಾರದು, ಶ್ವಾಸಕ್ಕೆ ಹೋದೀತು, ನೇರ ಆಸ್ಪತ್ರೆಗೇ ಓಡಬೇಕು. ಹದಿನೈದು ನಿಮಿಷ ಕಳೆದು ನೋಡಿದಾಗ ೧೩೧. ಅಕ್ಕ ನನ್ನನ್ನು ಗುರುತಿಸಿದಳು. "ಯಾಕೋ ಅಳುತ್ತಿದ್ದೀಯ?" ಎಂದಳು. ಹೆಂಡತಿ ಹಾಲು ಅನ್ನ ಕಲಸಿ ತಿನ್ನಿಸಿದಳು. ಬೆಳಗಾಗುವವರೆಗೆ ನಾವಿಬ್ಬರೂ ಅವಳ ಹಾಸಿಗೆಯ ಬಳಿಯಲ್ಲೇ ಕುಳಿತಿದ್ದೆವು.

ಮರುದಿನ ವೈದ್ಯರು ನನ್ನ ಲೆಕ್ಕದ ಪುಸ್ತಕವನ್ನು ತಿರುವಿ ನೋಡಿದರು. ೩೧೮ರ ಮುಂಚಿನ ವಾರದ ಸಂಜೆಗಳಲ್ಲಿ ೧೫೦, ೧೭೨, ೧೬೧. ಅವರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿ, "ಅಮ್ಮಾ, ಬೆರಳು ಚುಚ್ಚುವ ಮೊದಲು ಕೈಯಲ್ಲಿ ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು. "ಮಕ್ಕಳಿಗೆ ಹಣ್ಣು ಹಿಂಡ್ತಿದ್ದೆ." "ಕೈ ತೊಳೆದುಕೊಂಡ್ರಾ?" "ಇವನು ಅವಸರ ಮಾಡಿದ. ಸೆರಗಿಗೆ ಒರಸಿಕೊಂಡೆ." ವೈದ್ಯರು ನನ್ನ ಮುಖ ನೋಡಿದರು. "ಮೇಷ್ಟ್ರೇ, ನೀವು ಅಳೆದದ್ದು ಇವರ ರಕ್ತವನ್ನಲ್ಲ. ಮಾವಿನ ಹಣ್ಣನ್ನ."

ಅಳತೆಯ ಪಾಠ ಹೇಳಿದವನಿಗೆ ಇದು ನಂಬಲಾಗಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಪಟ್ಟಿ ಹೀರುವ ರಕ್ತ ಸುಮಾರು ಅರ್ಧ ಮೈಕ್ರೋಲೀಟರ್. ಸಕ್ಕರೆ ೧೨೦ ಇದ್ದರೆ ಆ ಹನಿಯಲ್ಲಿರುವ ಗ್ಲೂಕೋಸು ಬರಿಯ ೦.೬ ಮೈಕ್ರೋಗ್ರಾಂ, ಎಂದರೆ ಗ್ರಾಮಿನ ಹತ್ತು ಲಕ್ಷದ ಭಾಗದಲ್ಲಿ ಒಂಬತ್ತಾಣೆಗಿಂತ ತುಸು ಹೆಚ್ಚು. ಬೆರಳ ಗೆರೆಗಳ ನಡುವೆ ಒಣಗಿ ನಿಂತ ಹಣ್ಣಿನ ರಸದಲ್ಲಿ ಇನ್ನೊಂದು ಮೈಕ್ರೋಗ್ರಾಂ ಸೇರಿದರೂ ಸಾಕು, ೧೨೦ ಇದ್ದದ್ದು ೩೦೦ ದಾಟುತ್ತದೆ. ಕಣ್ಣಿಗೆ ಕಾಣುವ ಮಾತಲ್ಲ.

ಲೆಕ್ಕ ಸರಿಹೋದರೂ ಪ್ರಯೋಗ ಮಾಡದೆ ಬಿಡಬಾರದಲ್ಲ. ಆ ಭಾನುವಾರ ಮೊಮ್ಮಕ್ಕಳನ್ನು ಸಹಾಯಕರನ್ನಾಗಿ ಇಟ್ಟುಕೊಂಡು ನನ್ನ ಬೆರಳನ್ನೇ ಒಡ್ಡಿದೆ. ಸಾಬೂನಿನಿಂದ ಕೈತೊಳೆದು ಒರಸಿಕೊಂಡಾಗ ೧೨೪. ಒಂದು ರಸಪುರಿ ಹಣ್ಣು ಸುಲಿದು ಹಿಂಡಿ, ಟವಲಿಗೆ ಒರಸಿಕೊಂಡಾಗ ೨೮೯. ಸ್ಪಿರಿಟ್ ಹತ್ತಿಯಿಂದ ತಿಕ್ಕಿದ ಬೆರಳಿನಲ್ಲಿ ೧೯೭. ಮತ್ತೆ ಸಾಬೂನು ನೀರಿನಲ್ಲಿ ತೊಳೆದಾಗ ೧೨೧. ಸ್ಪಿರಿಟ್ ಹತ್ತಿ ಸಾಕೆಂದು ನಂಬಿಕೊಂಡಿದ್ದ ನನಗೆ ಮೂರನೆಯ ಅಂಕಿ ಎಲ್ಲಕ್ಕಿಂತ ಆಶ್ಚರ್ಯವನ್ನುಂಟುಮಾಡಿತು. ಆಮೇಲೆ ತಿಳಿಯಿತು: ಜಪಾನಿನ ವೈದ್ಯರು ಕಿತ್ತಳೆ, ದ್ರಾಕ್ಷಿ, ಕಿವಿ ಹಣ್ಣುಗಳನ್ನು ಸುಲಿದ ಕೈಗಳಲ್ಲಿ ಇದೇ ಪ್ರಯೋಗ ಮಾಡಿ, ಸ್ಪಿರಿಟ್ ಹತ್ತಿ ಸಾಲದು, ನಲ್ಲಿಯ ನೀರಿನಲ್ಲಿ ತೊಳೆಯಬೇಕು ಎಂದು ೨೦೧೧ರಲ್ಲಿಯೇ ಪ್ರಕಟಿಸಿದ್ದರು.

ಅಕ್ಕ ಬಾಗಿಲ ಬಳಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದಳು. ನಾನು ಪುಸ್ತಕ ತೆಗೆದು, 'ಮಾವಿನ ಹಣ್ಣು' ಎಂದು ಬರೆದಿದ್ದ ಕಡೆ 'ತಿಂದದ್ದಲ್ಲ, ಮುಟ್ಟಿದ್ದು' ಎಂದು ತಿದ್ದಿದೆ. "ತಪ್ಪಾಯಿತಕ್ಕ" ಎಂದೆ. ಅವಳು ಬೋಗುಣಿಯನ್ನು ನನ್ನ ಮುಂದೆ ತಳ್ಳಿ, "ಹೇಗೂ ಕೈ ಮಾಡಿಕೊಂಡಿದ್ದೀಯೆ. ಉಳಿದ ಹಣ್ಣೂ ಹಿಂಡಿಬಿಡು" ಎಂದು ಒಳಗೆ ಹೋದಳು.

ಆ ರಾತ್ರಿಯ ಇನ್ನೊಂದು ಸಂಗತಿ ಆಮೇಲೆ ಹೊಳೆದು ಮೈ ಜುಮ್ಮೆಂದಿತು. ಅಕ್ಕ ಲೋಟ ಹಿಡಿದುಕೊಂಡು ಗ್ಲೂಕೋಸು ನೀರು ಕುಡಿದ ಕೈ ಒದ್ದೆಯಾಗಿತ್ತು. ಹದಿನೈದು ನಿಮಿಷದ ಮೇಲೆ ನಾನು ಚುಚ್ಚಿದ್ದು ಅದೇ ಕೈಯ ಬೆರಳನ್ನು. ಆ ೧೩೧ರಲ್ಲಿ ರಕ್ತದ್ದೆಷ್ಟು, ಲೋಟದ್ದೆಷ್ಟು? ಅವಳು ನನ್ನನ್ನು ಗುರುತಿಸಿ ಮಾತಾಡಿದ್ದಕ್ಕೆ ಸರಿಹೋಯಿತು. ಅಂಕಿಯೊಂದನ್ನೇ ನಂಬಿ ಮಲಗಿದ್ದರೆ?

ಅಲ್ಲಿಂದೀಚೆಗೆ ಯಂತ್ರದ ಒಳಗನ್ನು ಸ್ವಲ್ಪ ತಿಳಿದುಕೊಂಡೆ. ಪಟ್ಟಿಯ ತುದಿಯಲ್ಲಿ ಒಂದು ಕಿಣ್ವವನ್ನು ಒಣಗಿಸಿಟ್ಟಿರುತ್ತಾರೆ. ರಕ್ತದ ಗ್ಲೂಕೋಸಿನೊಡನೆ ಅದು ವರ್ತಿಸಿದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ ಹರಿಯುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ವಿದ್ಯುತ್ತು ಹೆಚ್ಚು. ಕಿಣ್ವವನ್ನೂ ವಿದ್ಯುದ್ವಾರವನ್ನೂ ಹೀಗೆ ಜೊತೆಗೂಡಿಸಬಹುದೆಂದು ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ೧೯೬೨ರಲ್ಲಿ ತೋರಿಸಿದರು. ನಮ್ಮ ಬಚ್ಚಲಿನಲ್ಲಿ ಪ್ರನಾಳ ಕುದಿಯುತ್ತಿದ್ದ ಕಾಲವೇ! ಒಟ್ಟಿನಲ್ಲಿ ಯಂತ್ರ ಅಳೆಯುವುದು ವಿದ್ಯುತ್ತನ್ನು. ಸಕ್ಕರೆಯೆಂಬುದು ಅದರ ಊಹೆ. ಈ ಊಹೆ ಎಷ್ಟು ತಪ್ಪಬಹುದೆಂಬುದಕ್ಕೂ ಒಂದು ಕಟ್ಟಳೆಯಿದೆ. ಐಎಸ್‌ಒ ೧೫೧೯೭ ಎಂಬ ಅಂತರರಾಷ್ಟ್ರೀಯ ಮಾನಕದ ೨೦೧೩ರ ಆವೃತ್ತಿಯ ಪ್ರಕಾರ, ನಿಜವಾದ ಸಕ್ಕರೆ ನೂರು ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಯಂತ್ರ ಶೇಕಡ ೧೫ರಷ್ಟು ಆಚೀಚೆ ಹೇಳಬಹುದು. ನೂರಕ್ಕಿಂತ ಕಡಮೆಯಿದ್ದಾಗ ೧೫ ಮಿಲಿಗ್ರಾಮಿನಷ್ಟು. ನೂರು ಸಲ ಅಳೆದರೆ ತೊಂಬತ್ತೈದು ಸಲ ಈ ಮಿತಿಯೊಳಗಿದ್ದರೆ ಯಂತ್ರ ತೇರ್ಗಡೆ.

ನನ್ನ ೧೪೨, ೧೬೭ಕ್ಕೆ ಬನ್ನಿ. ಆ ಬೆಳಿಗ್ಗೆ ನನ್ನ ರಕ್ತದಲ್ಲಿ ನಿಜವಾಗಿ ೧೫೦ ಇತ್ತೆಂದುಕೊಳ್ಳೋಣ. ಶೇಕಡ ೧೫ ಎಂದರೆ ೧೨೭ರಿಂದ ೧೭೨ರವರೆಗೆ. ಎರಡೂ ಅಂಕಿಗಳು ಆ ಬೇಲಿಯೊಳಗೇ ಇವೆ. ಬೀದಿಗೆ ಎಸೆಯಹೊರಟ ಯಂತ್ರ ನಿರಪರಾಧಿ. ಹುಡುಗರಿಗೆ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಅಳತೆಗೋಲಿನಲ್ಲಿ ಎಷ್ಟು ಸಣ್ಣ ಗೆರೆಯಿದೆ ಎಂಬುದು ಬೇರೆ, ಅದು ಎಷ್ಟು ಸತ್ಯ ಹೇಳುತ್ತದೆ ಎಂಬುದು ಬೇರೆ. ಯಂತ್ರ ೧೪೦ ಎನ್ನದೆ ೧೪೨ ಎನ್ನುತ್ತದಲ್ಲ, ಆ ಕೊನೆಯ ಎರಡರಲ್ಲಿದೆ ಮೋಸ. ಅಷ್ಟು ಖಚಿತವಾಗಿ ಮಾತಾಡುವವರನ್ನು ನಾವು ನಂಬಿಬಿಡುತ್ತೇವೆ. ತಂದೆಯವರ ಪ್ರನಾಳ ಹಸಿರು ಎನ್ನುತ್ತಿತ್ತು. ಎಷ್ಟು ಹಸಿರು ಎಂದು ಯಾರೂ ಕೇಳುತ್ತಿರಲಿಲ್ಲ.

ಔಷಧದ ಅಂಗಡಿಯಾತ ಒಂದು ಪುಟ್ಟ ಸೀಸೆ ಪರೀಕ್ಷಾದ್ರಾವಣ ತರಿಸಿಕೊಟ್ಟ. ಅದರಲ್ಲಿ ಗೊತ್ತಾದಷ್ಟು ಗ್ಲೂಕೋಸ್ ಇರುತ್ತದೆ. ರಕ್ತದ ಬದಲು ಅದನ್ನು ಪಟ್ಟಿಗೆ ಮುಟ್ಟಿಸಿ ಯಂತ್ರವನ್ನು ಒರೆಗೆ ಹಚ್ಚಬಹುದು. ಉತ್ತರ ಎಷ್ಟು ಬರಬೇಕೆಂದು ಪಟ್ಟಿಯ ಡಬ್ಬಿಯ ಮೇಲೆ ಅಚ್ಚುಹಾಕಿರುತ್ತದೆ. ಕನ್ನಡಕ ಹಾಕಿಕೊಂಡು ಓದಿದೆ: ೧೦೨ರಿಂದ ೧೩೮. ಮಾಡಿದವನೇ ಒಂದು ಅಂಕಿಗೆ ಮಾತು ಕೊಟ್ಟಿಲ್ಲ; ಒಂದು ಹರಹಿಗೆ ಕೊಟ್ಟಿದ್ದಾನೆ. ಈ ಡಬ್ಬಿ ಎಂಟು ವರ್ಷಗಳಿಂದ ನನ್ನ ಕೈಯಲ್ಲೇ ಓಡಾಡುತ್ತಿದ್ದರೂ ಆ ಸಾಲನ್ನು ನಾನು ಓದಿರಲಿಲ್ಲ.

ಯಂತ್ರದ ಸಹಜವಾದ ಓಲಾಟಕ್ಕೆ ನಾವು ಸೇರಿಸುವ ಓಲಾಟ ಬೇರೆ. ನನ್ನ ಹೆಂಡತಿ ಪಟ್ಟಿಯ ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ, ಮುಚ್ಚಳ ಅರೆ ತೆರೆದು, ಇಡುತ್ತಿದ್ದಳು; ಅನ್ನದ ಆವಿಯೂ ಆಷಾಢದ ಥಂಡಿಯೂ ಕಿಣ್ವಕ್ಕೆ ಆಗಿಬಾರವು. ರಕ್ತ ಬಾರದಿದ್ದಾಗ ನಾನು ಅಕ್ಕನ ಬೆರಳನ್ನು ನಿಂಬೆಹಣ್ಣಿನಂತೆ ಹಿಂಡುತ್ತಿದ್ದೆ. ಹಿಂಡಿದರೆ ಮಾಂಸದ ನೀರು ರಕ್ತದೊಡನೆ ಬೆರೆತು ಅಂಕಿ ತಪ್ಪಬಹುದು. ಬೆಚ್ಚನೆಯ ನೀರಿನಲ್ಲಿ ಕೈತೊಳೆದು, ತೋಳನ್ನು ಕೆಳಗೆ ಬಿಟ್ಟು ಒಂದು ಗಳಿಗೆ ಕುಳಿತರೆ ತಾನಾಗಿಯೇ ಬರುತ್ತದೆ. ಬೆರಳಿನ ನಡುವೆ ಚುಚ್ಚುವ ಬದಲು ಪಕ್ಕದಲ್ಲಿ ಚುಚ್ಚಿದರೆ ನೋವೂ ಕಡಮೆ. ಇದನ್ನು ತಿಳಿಯಲು ಅಕ್ಕ ಎಷ್ಟು ವರ್ಷ ನನ್ನ ಕೈಯಲ್ಲಿ ನೋವು ತಿಂದಳೋ!

ಪ್ರಯೋಗಾಲಯದ ವರದಿಗೂ ಮನೆಯ ಅಂಕಿಗೂ ತಾಳೆಯಾಗದೆ ಜಗಳವಾಡಿದ್ದೂ ಉಂಟು. ಅಲ್ಲಿ ತೋಳಿನ ನಾಳದಿಂದ ತೆಗೆಯುವ ರಕ್ತ, ಇಲ್ಲಿ ಬೆರಳ ತುದಿಯ ರಕ್ತ. ಬರಿಹೊಟ್ಟೆಯಲ್ಲಿ ಇವೆರಡಕ್ಕೂ ಹೆಚ್ಚು ಭೇದವಿಲ್ಲ. ಊಟವಾದ ಮೇಲೆ ಬೆರಳಿನಲ್ಲಿ ಸಕ್ಕರೆ ಮುಂದಿರುತ್ತದೆ, ತೋಳಿನ ನಾಳದಲ್ಲಿ ಹಿಂದಿರುತ್ತದೆ. ಅಲ್ಲದೆ ಕೊಳವೆಗೆ ಬಿದ್ದ ರಕ್ತ ಜೀವವಿರುವ ವಸ್ತು. ಅದರ ಕಣಗಳು ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಹಾಗೆಯೇ ಬಿಟ್ಟರೆ ಗಂಟೆಗೆ ಶೇಕಡ ಐದರಿಂದ ಏಳರಷ್ಟು ಕರಗುತ್ತದೆ. ಬೂದುಬಣ್ಣದ ಮುಚ್ಚಳದ ಕೊಳವೆಯಲ್ಲಿ ಅದನ್ನು ತಡೆಯುವ ಫ್ಲೋರೈಡ್ ಇದ್ದರೂ, ಅದು ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಆದ್ದರಿಂದ ಹೋಲಿಸಬೇಕಾದರೆ ಬರಿಹೊಟ್ಟೆಯಲ್ಲಿ, ಅಲ್ಲಿ ರಕ್ತ ಕೊಟ್ಟ ಕೂಡಲೇ, ಇಲ್ಲಿ ಬೆರಳು ಚುಚ್ಚಿ ಹೋಲಿಸಬೇಕು.

ಅಕ್ಕನ ವಿಷಯದಲ್ಲಿ ಇನ್ನೊಂದು ತೊಡಕಿತ್ತು, ಅದನ್ನೂ ವೈದ್ಯರೇ ಬಿಡಿಸಿದರು. ಅವಳಿಗೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ. ರಕ್ತದಲ್ಲಿ ಕೆಂಪುಕಣ ಕಡಮೆಯಾದರೆ ಅನೇಕ ಯಂತ್ರಗಳು ಇರುವುದಕ್ಕಿಂತ ಹೆಚ್ಚು ಸಕ್ಕರೆ ತೋರಿಸುತ್ತವೆ. ಕೆಲವು ಹೊಸ ಯಂತ್ರಗಳು ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ, ನಮ್ಮದು ಹಳೆಯದು. ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ೧ಸಿ ಪರೀಕ್ಷೆಯನ್ನಾದರೂ ನಂಬೋಣವೆಂದರೆ, ಕಬ್ಬಿಣದ ಕೊರತೆಯಲ್ಲಿ ಅದೂ ಸುಳ್ಳುಸುಳ್ಳಾಗಿ ಏರಬಹುದಂತೆ. ಅಕ್ಕ ಕದ್ದು ತಿನ್ನುತ್ತಾಳೆಂದು ನಾನು ಹೂಡಿದ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಇಬ್ಬರೂ ಒಂದೇ ಕಡೆಗೆ ವಾಲಿದವರು! ಆರೋಪಿಯ ಮಾತೊಂದನ್ನು ಬಿಟ್ಟು ನಾನು ಉಳಿದ ಎಲ್ಲವನ್ನೂ ಕೇಳಿದ್ದೆ. ಕಬ್ಬಿಣದ ಮಾತ್ರೆ ಆರು ತಿಂಗಳು ನಡೆದ ಮೇಲೆ ಅವಳ ಪುಟದಲ್ಲಿ ಕೆಂಪು ಶಾಯಿ ಅರ್ಧಕ್ಕರ್ಧ ಇಳಿಯಿತು. ಅಡುಗೆಯಲ್ಲಾಗಲಿ ಊಟದಲ್ಲಾಗಲಿ ಏನೂ ಬದಲಾಗಿರಲಿಲ್ಲ.

ಮಗಳು, ತೋಳಿಗೆ ಅಂಟಿಸಿಕೊಂಡರೆ ಹಗಲಿರುಳೂ ಸಕ್ಕರೆ ತೋರಿಸುವ ಬಿಲ್ಲೆಯನ್ನು ಕಳಿಸುತ್ತೇನೆಂದಳು. ಅದು ಅಳೆಯುವುದು ಚರ್ಮದ ಕೆಳಗಿನ ದ್ರವವನ್ನು. ರಕ್ತದ ಸುದ್ದಿ ಅಲ್ಲಿಗೆ ಕೆಲವು ನಿಮಿಷ ತಡವಾಗಿ ಮುಟ್ಟುತ್ತದೆ. ಆದರೂ ರಾತ್ರಿ ಸಕ್ಕರೆ ಇಳಿದಾಗ ಕೂಗಿ ಎಬ್ಬಿಸುವ ಗುಣವುಳ್ಳದ್ದು; ತರಿಸಬೇಕೆಂದು ನನ್ನ ಮನಸ್ಸು. ಅಕ್ಕ ಇನ್ನೂ ಒಪ್ಪಿಲ್ಲ. ಇಂಗ್ಲೆಂಡಿನಲ್ಲಿರುವ ಅವಳ ಮಗ ದೂರವಾಣಿಯಲ್ಲಿ, "ನನಗೂ ಬಂದಿದೆಯಮ್ಮ, ಇವತ್ತು ಏಳು ಪಾಯಿಂಟ್ ಎರಡು" ಎಂದಾಗ, "ಏಳೇ! ಅಯ್ಯೋ, ಯಾರಾದರೂ ಸಕ್ಕರೆ ಕೊಡಿ" ಎಂದು ಚೀರಿಕೊಂಡಿದ್ದಳು. ಅಲ್ಲಿಯವರ ಅಳತೆಯೇ ಬೇರೆ, ಹದಿನೆಂಟರಿಂದ ಗುಣಿಸಿದರೆ ನಮ್ಮ ನೂರಮೂವತ್ತಾಗುತ್ತದೆ ಎಂದು ನಾನು ವಿವರಿಸುವ ಹೊತ್ತಿಗೆ ಅವಳಿಗೇ ಬೆವರು ಬಂದಿತ್ತು.

ಈಗ ನಮ್ಮ ಮನೆಯ ಕ್ರಮ ಬೇರೆ. ಲೆಕ್ಕದ ಪುಸ್ತಕ ಉಳಿದಿದೆ. ಕೆಂಪು ಶಾಯಿಯೂ 'ಕಾರಣ'ದ ಅಂಕಣವೂ ಹೋದವು. ಒಂದು ದಿನದ ಒಂದು ಅಂಕಿಯನ್ನು ಕುರಿತು ಯಾರೂ ಯಾರನ್ನೂ ಏನೂ ಕೇಳತಕ್ಕದ್ದಲ್ಲ. ಒಂದು ವಾರದ ಬೆಳಗುಗಳನ್ನು ಸಾಲಾಗಿ ನೋಡಿದಾಗ ಇಳಿಜಾರೋ ಏರೋ ಕಂಡರೆ ವೈದ್ಯರಿಗೆ ತೋರಿಸುವುದು. ಎಂದಿನದಕ್ಕೆ ತೀರ ಹೊರತಾದ ಅಂಕಿ ಬಂದರೆ, ಇನ್ಸುಲಿನ್ ಮುಟ್ಟುವ ಮೊದಲು, ಕೈತೊಳೆದು ಹೊಸ ಪಟ್ಟಿಯಲ್ಲಿ ಇನ್ನೊಂದು ಸಲ. ಆ ನಾಲ್ಕು ಯೂನಿಟ್ಟಿನ ಚೀಟಿಯನ್ನು ವೈದ್ಯರೇ ಹರಿದುಹಾಕಿ ಬೇರೆ ಬರೆದುಕೊಟ್ಟಿದ್ದಾರೆ; ಸೂಜಿಯಾದ ಮೇಲೆ ಊಟ ತಪ್ಪಬಾರದೆಂಬುದು ಅದರ ಮೊದಲ ಸಾಲು. ಬೆವರು, ನಡುಕ, ಮಂಕು ಕಂಡಾಗ ಮಾತ್ರ ಎರಡನೆಯ ಸಲದ ಮಾತೇ ಇಲ್ಲ. ಯಂತ್ರ ೬೪ ಎನ್ನಲಿ, ೮೨ ಎನ್ನಲಿ, ಹೆಂಡತಿಯ ಗ್ಲೂಕೋಸು ನೀರೇ ಮುಂದು. ನಿಜವಾಗಿ ೭೦ ಇದ್ದರೆ ಯಂತ್ರ ೮೫ ಎಂದರೂ ಕಟ್ಟಳೆ ಮೀರಿದಂತಾಗುವುದಿಲ್ಲವಲ್ಲ! ಅಕ್ಕ ಬೆವರುತ್ತಿದ್ದಾಳೆಯೇ ಇಲ್ಲವೇ ಎಂಬುದಕ್ಕೆ ಪಟ್ಟಿ ಬೇಕಿಲ್ಲ.

ಒಂದು ಪದ್ಧತಿಯನ್ನು ಅಕ್ಕನೇ ಹುಟ್ಟುಹಾಕಿದಳು. ಬೆಳಿಗ್ಗೆ ನಲ್ಲಿಯ ಕೆಳಗೆ ಸಾವಕಾಶವಾಗಿ, ನನಗೆ ಕೇಳಿಸಲೆಂದೇ ಬಳೆ ಸದ್ದು ಮಾಡುತ್ತ ಕೈತೊಳೆದು ಬರುತ್ತಾಳೆ. ಬೆರಳು ಕೊಡುವ ಮೊದಲು ಕಣ್ಣು ಮುಚ್ಚಿ, ಮೈ ಹೇಗಿದೆಯೆಂದು ಒಂದು ಗಳಿಗೆ ನೋಡಿಕೊಂಡು, ತನ್ನ ಅಂಕಿಯನ್ನು ತಾನೇ ಹೇಳುತ್ತಾಳೆ. ನಾನು ಅದನ್ನು ಮೊದಲು ಬರೆದುಕೊಂಡು ಆಮೇಲೆ ಚುಚ್ಚಬೇಕು. ನಿನ್ನೆ "ನೂರಮೂವತ್ತು" ಎಂದಳು. ಯಂತ್ರ ೧೪೬ ಎಂದಿತು.

"ಎಷ್ಟು ವ್ಯತ್ಯಾಸ?" ಎಂದು ಕೇಳಿದಳು.

"ಹದಿನಾರು. ನೂರಕ್ಕೆ ಹನ್ನೆರಡರಷ್ಟು ಆಗುತ್ತೆ ಅಕ್ಕ."

"ನಿನ್ನ ಕಟ್ಟಳೆಯಲ್ಲಿ ಹದಿನೈದರವರೆಗೆ ಬಿಡ್ತಾರೆ ಅಂದಿದ್ದೆಯಲ್ಲ. ಹಾಗಾದರೆ ನಾನು ಪಾಸು" ಎಂದು ಕಾಫಿ ಬೆರೆಸಲು ಎದ್ದಳು.